ಮೂವತ್ತು ಸಾವಿರದ ಫಿಯೆಟ್: ವಿಮಾ ಕಂಪನಿಯವರಿಗೊಂದು ಬಹಿರಂಗ ಪತ್ರ

ಮ.ರಾ.ರಾ. ವಿಮಾ ಕಂಪನಿಯವರ ಸನ್ನಿಧಿಗೆ,

ಮೈಸೂರಿನ ಹಳೆಯ ಪಾಲಿಸಿದಾರನ ಸಾಷ್ಟಾಂಗ ನಮಸ್ಕಾರಗಳು.

ಹೊಸ ಪಾಲಿಸಿ ಮಾಡಿಸಿಕೊಳ್ಳಿ ಎಂದು ತಾವು ಬರೆದ ಕಾಗದ ತಲುಪಿತು. ಕಾರು ಕಳುವಾಗಿ ಏಳು ತಿಂಗಳಾದರೂ ನನ್ನನ್ನು ಮರೆಯದೆ 'ಮಾನ್ಯ ಗ್ರಾಹಕರೇ' ಎಂದು ಕರೆದಿದ್ದೀರಿ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ಕಂತು ಕಟ್ಟಿದವನಿಗೆ ಆ ಎರಡು ಪದ ದೊಡ್ಡವು. ಮೊದಲು ಅದಕ್ಕೆ ಕೃತಜ್ಞತೆ ಸಲ್ಲಿಸಿ, ಆಮೇಲೆ ಉಳಿದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಕಾರಿನ ಬಗ್ಗೆ ತಮ್ಮ ಕಡತದಲ್ಲಿ ಒಂದೇ ಸಾಲಿದೆ: ಪ್ರೀಮಿಯರ್ ಪದ್ಮಿನಿ, 1978, 1089 ಸಿಸಿ. ನಮ್ಮ ಮನೆಯಲ್ಲಿ ಅದನ್ನು ಯಾರೂ ಪದ್ಮಿನಿ ಅಂದವರಲ್ಲ. ಫಿಯೆಟ್ ಅಂತಲೇ ಕರೆದದ್ದು. ನಮ್ಮಪ್ಪ ಬುಕ್ ಮಾಡಿ ನಾಲ್ಕು ವರ್ಷ ಕಾದು ತಂದ ಕಾರು. ಸ್ಟಿಯರಿಂಗ್ ಪಕ್ಕದ ಗೇರು, ಮುಂದೆ ಮೂವರು ಕೂರುವ ಉದ್ದನೆಯ ಸೀಟು, ಚಳಿಗಾಲದ ಬೆಳಗ್ಗೆ ಎಳೆಯಬೇಕಾದ ಚೋಕು. ನನ್ನ ತಂಗಿ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದೂ, ಅಪ್ಪ ಕೊನೆಯ ಸಲ ಆಸ್ಪತ್ರೆಗೆ ಹೋದದ್ದೂ ಅದರಲ್ಲೇ. ಇವಕ್ಕೆ ವಿಮೆ ಕೊಡಿ ಎಂದು ಕೇಳುತ್ತಿಲ್ಲ. ಎಂಜಿನ್ ಬೋರು, ತುಕ್ಕು ಹಿಡಿದ ತಳದ ತಗಡು, ಬಣ್ಣ, ಕ್ರೋಮು, ಸೀಟಿನ ಹೊಲಿಗೆ ಎಂದು ಐದು ವರ್ಷದಲ್ಲಿ ನಾನು ಹಾಕಿದ 3,60,000 ರೂಪಾಯಿಯ ಮಾತಷ್ಟೇ ಆಡುತ್ತಿದ್ದೇನೆ. ಅದರ ರಸೀದಿಗಳಿವೆ.

ಕಾರನ್ನು ಜೋಪಾನ ಮಾಡುವುದು ಮಾಲೀಕನ ಕರ್ತವ್ಯ ಎಂದು ಪಾಲಿಸಿಯ ಷರತ್ತಿನಲ್ಲಿ ಬರೆದಿದ್ದೀರಿ. ಆ ಉಪದೇಶವನ್ನು ಶಿರಸಾವಹಿಸಿ ಪಾಲಿಸಿದ್ದೇನೆ. ಹಳೆಯ ಫಿಯೆಟ್ಟಿನ ಬೀಗದ ಬಲ ಎಷ್ಟೆಂದು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾನೆ. ಮುಂದಿನ ಬಾಗಿಲಿನ ತ್ರಿಕೋನದ ಗಾಜು ಒಡೆದರೆ ಕೈ ಒಳಗೆ, ಎರಡು ವೈರು ಸೇರಿಸಿದರೆ ಇಗ್ನಿಷನ್ ಆನ್. ಇಂದಿನ ಕಾರುಗಳ ಹಾಗೆ ಕೀಲಿಯ ಗುರುತು ಹಿಡಿಯುವ ಚಿಪ್ಪು ಇದಕ್ಕಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬ್ಯಾಟರಿ ಕಡಿತಗೊಳಿಸುವ ಗುಪ್ತ ಸ್ವಿಚ್ಚು ಹಾಕಿಸಿದೆ. ಜೊತೆಗೆ ರಾತ್ರಿ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಕಂದು ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆ ಪಟ್ಟಿ. ಅದಿಲ್ಲದಿದ್ದರೆ ಯಾವ ಪ್ಲಗ್ಗಿಗೂ ಕಿಡಿ ಮುಟ್ಟುವುದಿಲ್ಲ, ಎಂಜಿನ್ ಎಷ್ಟು ತಿರುಗಿದರೂ ಹತ್ತುವುದಿಲ್ಲ. ಬೆಳಿಗ್ಗೆ ಎದ್ದಾಗ ಅಂಗಿಯ ಜೇಬಿಗೆ ಗ್ರೀಸಿನ ಕಲೆ.

ಕಳುವಾದ ರಾತ್ರಿಯೂ ರೋಟರ್ ನನ್ನ ಜೇಬಿನಲ್ಲೇ ಇತ್ತು. ಕಳ್ಳರು ಗಾಜು ಒಡೆದು, ವೈರು ಕಿತ್ತು ನೋಡಿದ್ದಾರೆ. ಆಗದೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿದ್ದಾರೆ. ಬೆಳಿಗ್ಗೆ, ಕಾರು ನಿಲ್ಲಿಸುತ್ತಿದ್ದ ಹೊಂಗೆ ಮರದ ಕೆಳಗೆ ಉಳಿದದ್ದು ಗಾಜಿನ ಪುಡಿ, ಒಂದು ಎಣ್ಣೆ ಕಲೆ, ಮರದ ಎಲೆ ಬೀಳದೆ ಒಣಗಿದ್ದ ಕಾರಿನಗಲದ ನೆಲ.

ತಮ್ಮ ಕಚೇರಿಯಲ್ಲಿ ನನಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮರೆಯುವುದಿಲ್ಲ. ಎರಡೂ ಕೀಲಿ ಒಪ್ಪಿಸಿ ಎಂದರು, ಒಪ್ಪಿಸಿದೆ. ರೋಟರನ್ನೂ ಮೇಜಿನ ಮೇಲಿಟ್ಟೆ. ಕಳ್ಳತನ ತಡೆಯುವ ಸಾಧನಕ್ಕೆ ಕಂತಿನಲ್ಲಿ ಶೇ 2.5ರಷ್ಟು, 500 ರೂಪಾಯಿ ಮೀರದಂತೆ ರಿಯಾಯಿತಿ ಉಂಟೆಂದೂ, ಆದರೆ ಆ ಸಾಧನಕ್ಕೆ ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐನ ಮಾನ್ಯತೆ ಬೇಕೆಂದೂ ಅಂದೇ ತಿಳಿಸಿಕೊಟ್ಟಿರಿ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೇಳದಿದ್ದ ಮಾತನ್ನು ಕಾರು ಹೋದ ಮೇಲಾದರೂ ಹೇಳಿದ್ದಕ್ಕೆ ಋಣಿ.

ತಮಗೆ ತಿಳಿಸುವುದು ನಾಲ್ಕು ದಿನ ತಡವಾಯಿತು ಎಂಬ ಕಾರಣಕ್ಕೆ ಕ್ಲೇಮನ್ನೇ ತಳ್ಳಿಹಾಕುವ ಪತ್ರವೂ ಬಂತು. ಪೊಲೀಸರಿಗೆ ನಾನು ದೂರು ಕೊಟ್ಟದ್ದು ಅದೇ ಬೆಳಿಗ್ಗೆ. ತಕ್ಷಣ ಎಫ್‌ಐಆರ್ ಆಗಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ನೆಪದಲ್ಲಿ ಪರಿಹಾರ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪರಿಚಯದ ವಕೀಲರು ಆ ತೀರ್ಪಿನ ಪ್ರತಿ ಕೊಟ್ಟರು. ಅದನ್ನು ಲಗತ್ತಿಸಿದ ವಾರದಲ್ಲೇ ತಾವು ಪತ್ರ ಹಿಂಪಡೆದಿರಿ. ಸಂತೋಷ. ಆದರೆ ವಕೀಲರ ಪರಿಚಯವಿಲ್ಲದ ಪಾಲಿಸಿದಾರ ಏನು ಮಾಡಬೇಕಿತ್ತು, ಮಾನ್ಯರೇ?

ಹತ್ತೊಂಬತ್ತನೆಯ ದಿನ ಕಾರು ಸಿಕ್ಕಿತು. ಊರಾಚೆಯ ಕಲ್ಲುಕ್ವಾರಿಯ ಪಕ್ಕ, ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಗ್ರಿಲ್ಲು, ಬಂಪರು, ಕಾರ್ಬ್ಯುರೇಟರು, ಸೀಟು, ಮೀಟರು ಯಾವುದೂ ಇರಲಿಲ್ಲ. ಚಾಸಿ ನಂಬರಿನ ಮೇಲೆ ಉಜ್ಜಿದ ಗುರುತಿತ್ತು. ಹಿಂದೆ ನಾನು ಪೆನ್ಸಿಲ್ ಉಜ್ಜಿ ತೆಗೆದಿಟ್ಟಿದ್ದ ಅಚ್ಚಿಗೆ ಹಿಡಿದು ನೋಡಿ, ನನ್ನದೇ ಎಂದು ಪೊಲೀಸರು ಒಪ್ಪಿದರು.

ಇನ್ನು ಮೌಲ್ಯದ ಮಾತು. ಪಾಲಿಸಿಯಲ್ಲಿದ್ದ ಐಡಿವಿ, ಅಂದರೆ ವಿಮೆಗೆ ಘೋಷಿಸಿದ ಕಾರಿನ ಮೌಲ್ಯ, 30,000 ರೂಪಾಯಿ. ರಿಪೇರಿಯ ಖರ್ಚು ಐಡಿವಿಯ ಶೇ 75ನ್ನು ದಾಟಿದರೆ ಕಾರು ಪೂರ್ತಿ ನಷ್ಟವಾದಂತೆ ಲೆಕ್ಕ. ಅಂದರೆ ನನ್ನ ಪಾಲಿಗೆ 22,500. ನಾಲ್ಕು ಚಕ್ರ, ಒಂದು ಕಾರ್ಬ್ಯುರೇಟರಿಗೇ ಆ ಗೆರೆ ದಾಟಿಹೋಯಿತು. ರಿಪೇರಿ ಆಗುವ ಕಾರನ್ನು ಕಾಗದದ ಮೇಲೆ ಸಾಯಿಸಿದ್ದು ಆ ಸಣ್ಣ ಅಂಕಿ. ಅವಶೇಷ ಒಪ್ಪಿಸಿ ಮೂವತ್ತು ಸಾವಿರ ತೆಗೆದುಕೊಳ್ಳಿ, ಇಲ್ಲವೇ ಅವಶೇಷದ ಬೆಲೆ ಹನ್ನೆರಡು ಸಾವಿರ ಕಳೆದು ಉಳಿದದ್ದು ಪಡೆಯಿರಿ ಎಂದು ದಯಪಾಲಿಸಿದಿರಿ. ನಾನು ಅವಶೇಷವನ್ನೇ ಉಳಿಸಿಕೊಂಡೆ.

ಆ ಮೂವತ್ತು ಸಾವಿರ ಎಲ್ಲಿಂದ ಬಂತು? ಹೊಸ ಕಾರಿಗೆ ಸವಕಳಿಯ ಪಟ್ಟಿ ಇದೆ: ಆರು ತಿಂಗಳವರೆಗೆ ಶೇ 5, ಹೀಗೆ ಏರುತ್ತಾ ಐದನೆಯ ವರ್ಷಕ್ಕೆ ಶೇ 50. ಐದು ವರ್ಷ ದಾಟಿದ, ತಯಾರಿಕೆ ನಿಂತ ಮಾದರಿಗೆ ಪಟ್ಟಿಯೇ ಇಲ್ಲ. ಕಂಪನಿ ಮತ್ತು ಮಾಲೀಕ ಕೂತು, ಒಪ್ಪಿ, ಮೌಲ್ಯ ನಿರ್ಧರಿಸಬೇಕು. ನಿಯಮ ಅಷ್ಟು ಉದಾರವಾಗಿದೆ. ನನ್ನ ಜೊತೆ ಯಾರೂ ಕೂರಲಿಲ್ಲ. "ಹಳೇ ಗಾಡಿ ಸಾರ್, ಕಮ್ಮಿ ಹಾಕಿದ್ರೆ ಕಂತೂ ಕಮ್ಮಿ" ಎಂದು ತಮ್ಮ ಏಜೆಂಟರು ಬರೆದ ಅಂಕಿ ಅದು. ಒಪ್ಪಂದ ಎಂದರೆ ಏನೆಂದು ನನಗೆ ತಿಳಿಸಿದ್ದರೆ ಹೆಚ್ಚಿನ ಕಂತನ್ನು ಕೈಮುಗಿದು ಕಟ್ಟುತ್ತಿದ್ದೆ.

ಮೊದಲೇ ಒಪ್ಪಿದ ಪೂರ್ತಿ ಮೌಲ್ಯ ಕೊಡುವ ಪಾಲಿಸಿ ವಿಂಟೇಜ್ ಕಾರಿಗೆ ಮಾತ್ರ ಎಂದಿರಿ. ತಮ್ಮ ಹಳೆಯ ಟ್ಯಾರಿಫಿನ ಪ್ರಕಾರ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾದದ್ದು ವಿಂಟೇಜ್. ಅಂಬಾಸಿಡರ್ ಮಾಡಿದ ಹಿಂದೂಸ್ತಾನ್ ಮೋಟರ್ಸ್ ಹುಟ್ಟಿದ್ದು 1942ರಲ್ಲಿ, ಪದ್ಮಿನಿ ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ. ಈ ದೇಶದ ಮನೆಮನೆಯವರು ಓಡಾಡಿದ ಈ ಎರಡು ಕಾರುಗಳು ಇನ್ನೂ ನೂರು ವರ್ಷ ಬಾಳಿದರೂ ಆ ಗೆರೆಯೊಳಗೆ ಬರಲಾರವು. 2021ರಲ್ಲಿ ಕೇಂದ್ರ ಸರ್ಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ತಂದಿದೆ. ನನ್ನ ಫಿಯೆಟ್ಟಿಗೆ ಐವತ್ತು ತುಂಬುವುದು 2028ಕ್ಕೆ. ಆದರೆ ಆ ನೋಂದಣಿಯಲ್ಲಿ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿಗಷ್ಟೇ. ನಾನು ಭಾನುವಾರ ಅಮ್ಮನನ್ನು ನಂಜನಗೂಡಿಗೆ ಕರೆದುಕೊಂಡು ಹೋಗುವ ಕಾರಿದು.

ಹಾಗಾಗಿ ಮೂರು ವಿನಂತಿಗಳು. ಐದು ವರ್ಷ ದಾಟಿದ ಕಾರಿನ ಪ್ರತಿ ಪಾಲಿಸಿಯಲ್ಲೂ ಮೌಲ್ಯದ ಚೌಕ ತುಂಬುವ ಮುನ್ನ ಮಾಲೀಕನನ್ನು ಕೇಳಿ. ಫೋಟೊ, ರಸೀದಿ, ಬಲ್ಲವರ ಮೌಲ್ಯಮಾಪನ ಪತ್ರ ಕೊಟ್ಟರೆ ಪಾಲಿಸಿಗೇ ಲಗತ್ತಿಸಿ ಮೊಹರು ಹಾಕಿ. ನಾಳೆ ಕ್ಲೇಮಿನ ಮೇಜಿನಲ್ಲಿ ಅದನ್ನು ಮೊದಲ ಸಲ ನೋಡಿದಂತೆ ನೋಡಬೇಡಿ.

ಕಾರು ಈಗ ಗ್ಯಾರೇಜಿನಲ್ಲಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ಬಂಪರು, ಕಾರ್ಬ್ಯುರೇಟರು ತಂದೆ. ಗ್ರಿಲ್ಲು ಇನ್ನೂ ಸಿಕ್ಕಿಲ್ಲ. ತಾವು ಕಳುಹಿಸಿದ ಅರ್ಜಿ ತುಂಬಿದ್ದೇನೆ, ಮೌಲ್ಯದ ಚೌಕ ಮಾತ್ರ ಖಾಲಿ ಬಿಟ್ಟಿದ್ದೇನೆ. ಇದೇ ತಿಂಗಳು ತಮ್ಮ ಮೌಲ್ಯಮಾಪಕರು ದಯಮಾಡಿಸಬೇಕು. ರಸೀದಿಯ ಫೈಲು, ಪೆನ್ಸಿಲ್ ಅಚ್ಚು, ರೋಟರು ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿರುತ್ತೇನೆ.

ಇಂತು ತಮ್ಮ ವಿಧೇಯ,
ಒಬ್ಬ ಫಿಯೆಟ್ ಮಾಲೀಕ