ಬಿಸಿಲಲ್ಲಿ ಬಿದ್ದ ಜಲಪಾತ

ಚಿತ್ರದುರ್ಗ ಜಿಲ್ಲೆಯಲ್ಲಿ ಜಲಪಾತ ಇಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇದೆ. ನೋಡಬೇಕೆಂದರೆ ಸ್ವಲ್ಪ ಕಾಯಬೇಕು, ಅಷ್ಟೇ. 1933ರಲ್ಲಿ ಒಮ್ಮೆ ಬಿತ್ತು, ಆಮೇಲೆ 2022ರ ಸೆಪ್ಟೆಂಬರಿನಲ್ಲಿ ಬಿತ್ತು. ನಡುವೆ 89 ವರ್ಷ. ಜೋಗಕ್ಕೆ ಹೋದವರು ನೀರು ಕಡಿಮೆ ಎಂದು ಗೊಣಗಿಕೊಂಡು ಬಂದು ಮುಂದಿನ ಆಷಾಢಕ್ಕೆ ಮತ್ತೆ ಹೊರಡುತ್ತಾರೆ. ನಾವು ಗೊಣಗುವುದಿಲ್ಲ, ಮಕ್ಕಳಿಗೆ ಹೇಳಿ ಕಣ್ಣು ಮುಚ್ಚುತ್ತೇವೆ.

ನಾನು ಹೇಳುತ್ತಿರುವುದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಕೋಡಿಯ ವಿಷಯ. ಕಾಗದಪತ್ರದಲ್ಲಿ ಅದು ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ಸಂದಿನಲ್ಲಿ ವೇದಾವತಿಯನ್ನು ಅಡ್ಡಗಟ್ಟಲು 1898ರಲ್ಲಿ ಕೈಹಾಕಿ 1907ಕ್ಕೆ ಮುಗಿಸಿದ ಕಟ್ಟೆ. ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ಹಿಡಿಯುತ್ತದೆ ಎನ್ನುವುದು ಎಂಜಿನಿಯರುಗಳ ಮಾತು, ಬರಬೇಕಲ್ಲ? 130 ಅಡಿಗೆ ಬಂದರೆ ಕೋಡಿ. ಪೇಪರಿನಲ್ಲಿ ದಿನಾ ಅದರ ಮಟ್ಟ ನೋಡಿಕೊಂಡೇ ನಮ್ಮ ಕಡೆಯವರು ಕಾಫಿ ಕುಡಿಯುವುದು. ಅರ್ಧ ಅಡಿ ಏರಿದ ದಿನ ಕಾಫಿಗೆ ಸಕ್ಕರೆ ಜಾಸ್ತಿ.

ಹೀಗಿರುವಾಗ 2025ರ ಸಂಕ್ರಾಂತಿಗೆ ತೀರ್ಥಹಳ್ಳಿಯಿಂದ ನನ್ನ ಬಾಮೈದ ಹೆಂಡತಿ ಸಮೇತ ಬಂದ. ಅಡಿಕೆ ಕೊಯ್ಲು ಮುಗಿಸಿ ಮೈ ಹಗುರ ಮಾಡಿಕೊಂಡು ಬಂದಿದ್ದವನು, "ಭಾವ, ಎಲ್ಲಾದ್ರೂ ಒಂದು ರೌಂಡ್ ಹೋಗುವ. ಕಾಡು, ಜಲಪಾತ, ಹಾಗೆ" ಎಂದ. ಅಂದದ್ದು ನನ್ನ ಕಾಲೆಳೆಯಲಿಕ್ಕೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ನಮಗೆ ಬರುವುದು ಆರುನೂರರ ಆಸುಪಾಸು. ಅದನ್ನೂ ಆಕಾಶ ಚೌಕಾಸಿ ಮಾಡಿಯೇ ಕೊಡುತ್ತದೆ. ನನ್ನ ಹೆಂಡತಿ ಒಳಗಿನಿಂದ, "ಇವರೇನು ತೋರಿಸ್ತಾರೆ, ಬಂಡೆ ತೋರಿಸ್ತಾರೆ" ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ತವರಿನವರು ಬಂದ ದಿನ ಅವಳು ಆ ಪಕ್ಷದ ವಕೀಲೆ.

ಆದರೆ ಆ ವಾರದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಿತ್ತು. ನಾನು ಬಾಯಿ ಬಿಡಲಿಲ್ಲ. ಕೋಟೆ, ಚಂದ್ರವಳ್ಳಿ ಹೇಗೂ ಅವರು ನೋಡಿದ್ದವೇ. ಕಾರು ಸೀದಾ ಜೋಗಿಮಟ್ಟಿಗೆ ತಿರುಗಿಸಿದೆ.

ಜೋಗಿಮಟ್ಟಿ ನಮ್ಮ ಊಟಿ. ಈ ಮಾತನ್ನು ಊಟಿಯವರ ಮುಂದೆ ನಾವು ಆಡುವುದಿಲ್ಲ. ಗಾಳಿ ಮಾತ್ರ ಅಲ್ಲಿ ನಿಜಕ್ಕೂ ಗಾಳಿಯೇ. ಕಾರಿನ ಬಾಗಿಲು ತೆಗೆಯಲು ಒಬ್ಬ, ಹಾಕಲು ಇಬ್ಬರು ಬೇಕು. ಬಾಮೈದ ಸುತ್ತ ನೋಡಿದ. ಒಣಹುಲ್ಲು, ಕುರುಚಲು, ಮೊಣಕಾಲೆತ್ತರದಿಂದ ಆಳೆತ್ತರದ ಗಿಡಗಳು. "ಕಾಡು ಎಲ್ಲಿ ಭಾವ?" ಎಂದ. ಅಭಯಾರಣ್ಯದ ನಡುವೆ ನಿಂತುಕೊಂಡು ಕೇಳುವ ಪ್ರಶ್ನೆಯೇ ಇದು? ಇಲ್ಲಿ ಕರಡಿ ಇದೆ, ಚಿರತೆ ಇದೆ, ನವಿಲಂತೂ ನಮ್ಮ ಕಡೆ ಕೋಳಿಯಷ್ಟೇ ಸಲೀಸು. ನಮ್ಮ ಪ್ರಾಣಿಗಳಿಗೆ ಅಡಗಲು ದೊಡ್ಡ ಮರ ಬೇಕಿಲ್ಲ, ಮರ್ಯಾದಸ್ಥ ಪ್ರಾಣಿಗಳು. ಅವನು ಬಿಡಲಿಲ್ಲ. ಕೊನೆಗೆ ಗುಡ್ಡದ ಸಾಲಿನ ಮೇಲೆ ಕಣ್ಣು ಹಾಯುವಷ್ಟು ದೂರ ನಿಂತ ಗಾಳಿಯಂತ್ರಗಳನ್ನು ತೋರಿಸಿ, "ಅಗೋ ನಮ್ಮ ಹೆಮ್ಮರಗಳು. ತಲಾ ಮೂರೇ ಎಲೆ, ಯಾವ ಬೇಸಿಗೆಗೂ ಉದುರೋದಿಲ್ಲ" ಎಂದೆ. ಅವನ ಹೆಂಡತಿ ನಕ್ಕಳು. ಒಂದು ಓಟು ನನ್ನ ಕಡೆಗೆ ಬಂತು.

ಹೆದ್ದಾರಿ ಹಿಡಿದು ಐಮಂಗಲ ದಾಟಿ ಹಿರಿಯೂರು. ಬೆಂಗಳೂರು–ಪುಣೆ ರಸ್ತೆಯಲ್ಲಿ ಹೋಗುವವರು ನಮ್ಮ ಜಿಲ್ಲೆಯನ್ನು ನೋಡುವುದು ಹೀಗೇ, ಗಂಟೆಗೆ ನೂರು ಕಿಲೋಮೀಟರಿನಲ್ಲಿ, ಕಿಟಕಿ ಏರಿಸಿಕೊಂಡು. ಹೊಗಳಲೂ ತೆಗಳಲೂ ಅವರಿಗೆ ಪುರಸೊತ್ತಿಲ್ಲ. ಹಿರಿಯೂರಿನಲ್ಲಿ ಎಡಬಲ ನೋಡಿ ಹೊಸದುರ್ಗದ ದಾರಿಗೆ ಬಿದ್ದಮೇಲೆಯೇ ಅಸಲು ಪ್ರಯಾಣ. ಕಣಿವೆ ಹತ್ತಿರವಾದಂತೆ ಬಾಮೈದನಿಗೆ ಏನೋ ವಾಸನೆ ಹತ್ತಿತು. ಜನ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದಾರೆ, ಗೂಡ್ಸ್ ಆಟೋದಲ್ಲಿ ಬರುತ್ತಿದ್ದಾರೆ, ಒಂದು ಬೈಕಿನ ಮೇಲೆ ಮೂರು ತಲೆಮಾರು ಬರುತ್ತಿದೆ. "ಎಂಥ ಭಾವ, ಜಾತ್ರೆಯಾ?" ಎಂದ. ಸುಮ್ಮನಿದ್ದೆ. ದಾರಿಯುದ್ದಕ್ಕೂ ಕಡ್ಲೆಕಾಯಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಂಡಿಯವನೊಬ್ಬ, "ಕೋಡಿ ಬಿದ್ದೈತೆ ಸಾರ್, ತಿಂದ್ಕೊಂಡು ನೋಡಿ" ಎಂದು ನನ್ನ ಗುಟ್ಟನ್ನು ಒಂದು ಪೊಟ್ಟಣದೊಳಗೆ ಕಟ್ಟಿಕೊಟ್ಟುಬಿಟ್ಟ.

ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಜನವರಿಯ ಸುಡು ಬಿಸಿಲು. ಅದರ ನಡುವೆ ಕೋಡಿಯ ಕಲ್ಲಿನ ಮೇಲೆ ನೀರು ಬೆಳ್ಳಗೆ ಜಾರುತ್ತಿದೆ. ಎತ್ತರ ಕೇಳಬೇಡಿ. ಜೋಗ 830 ಅಡಿ; ಇದನ್ನು ಅಳೆಯಲು ಟೇಪು ತಂದರೆ ನಮ್ಮವರು ಓಡಿಸಿಕೊಂಡು ಬರುತ್ತಾರೆ. ಆದರೆ ಜೋಗದ ಮುಂದೆ ಜನ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆಯುತ್ತಾರೆ. ಇಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಹೆಂಗಸರು ಅರಿಶಿನ ಕುಂಕುಮ ಹಾಕಿ ಹೂವು ಬಿಡುತ್ತಿದ್ದರು. ಪಂಚೆ ಮೇಲೆತ್ತಿ ಕಟ್ಟಿದ ಅಜ್ಜನೊಬ್ಬ ನನಗೋ ನೀರಿಗೋ ತಿಳಿಯದಂತೆ, "ನಮ್ಮಪ್ಪ ಹೇಳ್ತಿದ್ದ, ಮೂವತ್ಮೂರ್ನಾಗೆ ಬಿದ್ದಿತ್ತಂತೆ. ಸುಳ್ಳು ಅಂದ್ಕಂಡಿದ್ವಿ" ಎಂದ. ಅಪ್ಪ ಸುಳ್ಳುಗಾರನಲ್ಲ ಎಂದು ತಿಳಿಯಲು ಮಗ ಮುದುಕನಾಗಬೇಕಾಯಿತು. ಅಷ್ಟು ನಿಧಾನದ ಜಲಪಾತ ಮಲೆನಾಡಿನಲ್ಲಿ ಒಂದಿದ್ದರೆ ತೋರಿಸಲಿ.

ನಾನು ಎದೆಯುಬ್ಬಿಸಿ ಬಾಮೈದನ ಮುಖ ನೋಡಿದೆ. ಅವನು ನೀರಿಗೆ ಕೈಯದ್ದಿ, ಮುಖಕ್ಕೆ ಹಾಕಿಕೊಂಡು, "ಇದು ನಮ್ಮ ನೀರಲ್ವಾ ಭಾವ?" ಎಂದ.

ಇಲ್ಲಿ ನನ್ನ ಮಾತು ನಿಂತಿತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪಿನಲ್ಲಿ ಎತ್ತಿ, ಅಜ್ಜಂಪುರದ ಸುರಂಗದಲ್ಲಿ ಹಾಯಿಸಿ, ವೇದಾವತಿಗೆ ಬಿಡುತ್ತಿರುವುದು 2019ರಿಂದ. ಮೋಡವಿಲ್ಲದ ಜನವರಿಯಲ್ಲಿ ಕೋಡಿ ಬೀಳುವ ಹಿಂದೆ ಆ ನೀರಿನ ಕೈಯೂ ಇದೆ. "ಭದ್ರೆ ಕಣೋ ಇದು, ನಿಮ್ಮೂರಿನದು ತುಂಗೆ" ಎಂದು ತಳ್ಳಿನೋಡಿದೆ. ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕುವ ಲೆಕ್ಕವೂ ಇದೆ ಎಂಬುದು ಅವನಿಗೆ ಬಾಯಿಪಾಠ. ಮೂಲ ವೇದಾವತಿಯಾದರೂ ಹುಟ್ಟುವುದು ಬಾಬಾಬುಡನ್‌ಗಿರಿಯ ಕಡೆಯೇ. ನನ್ನ ಹೆಂಡತಿ ಮಂಡಕ್ಕಿ ಮುಕ್ಕುತ್ತ, "ಹೆಣ್ಣೂ ನಮ್ಮದು, ನೀರೂ ನಮ್ಮದು, ಜಂಬ ಮಾತ್ರ ಇವರದು" ಎಂದು ತೀರ್ಪು ಕೊಟ್ಟಳು. ಆ ಒಂದು ಓಟೂ ಅತ್ತ ಹಾರಿತು.

ಹೊಸದುರ್ಗದ ದಾರಿಯಲ್ಲಿ ಒಂದಷ್ಟು ದೂರ ಹಿನ್ನೀರು ಜೊತೆಗೇ ಬಂತು. ಇತ್ತ ಜಾತ್ರೆ ನಡೆಯುವಾಗ ಅತ್ತ ಜಮೀನಿಗೆ ನೀರು ನುಗ್ಗಿದ ರೈತರು ಕೋಡಿಯ ಮಟ್ಟ ಇಳಿಸಿ ಎನ್ನುತ್ತಾರೆ. ಬರಗಾಲದ ನಾಡಿನಲ್ಲಿ ನೀರು ಜಾಸ್ತಿಯಾಯಿತು ಎಂದು ದೂರುವ ಭಾಗ್ಯವೂ ಕೆಲವರಿಗೆ ಬಂದಿದೆ. ಅದು ಭಾಗ್ಯವಲ್ಲ ಎಂದು ಅವರ ತೋಟದಲ್ಲಿ ನಿಂತರೆ ಗೊತ್ತಾಗುತ್ತದೆ. ಆಮೇಲೆ ತೆಂಗು, ದಾಳಿಂಬೆ, ಹೊಳಲ್ಕೆರೆ ಕಡೆ ತಿರುಗಿದರೆ ಅಡಿಕೆ. ಅಡಿಕೆ ತೋಟ ಕಂಡದ್ದೇ ತಡ, ಬಾಮೈದ ಕಾರು ನಿಲ್ಲಿಸಿ ಇಳಿದು ಗೊನೆ ಎಣಿಸಿದ. ಬಂದವನು ಅದೇಕೋ ಸುಮಾರು ಹೊತ್ತು ಮಾತಾಡಲಿಲ್ಲ. ಬಯಲುಸೀಮೆಯ ಅಡಿಕೆಗೆ ಕೊಳೆರೋಗದ ಕಾಟ ಕಡಿಮೆ.

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದೆವು. 1475ರಲ್ಲಿ ಗುಲ್ಯಪ್ಪ ನಾಯಕ ಕೂರಿಸಿದ್ದೆನ್ನುವ ಭಾರಿ ಗಣಪ, ಗರ್ಭಗುಡಿಯ ಗೊಡವೆಯಿಲ್ಲದವನು. ಬಾಮೈದನ ಹೆಂಡತಿ, "ಪಾಪ, ಮಳೆಗೆ ನೆನೆಯೋದಿಲ್ವಾ?" ಎಂದಳು. ಅಕ್ಕಪಕ್ಕದಲ್ಲಿದ್ದ ಊರಿನವರೂ ನಕ್ಕರು.

ಅಲ್ಲಿಂದಲೇ ಬಾಮೈದ ತೀರ್ಥಹಳ್ಳಿಗೆ ಫೋನು ಹಚ್ಚಿದ. "ಅಮ್ಮಾ, ನಮ್ಮ ನೀರು ನೋಡ್ಕೊಂಡು ಬಂದೆ. ಚೆನ್ನಾಗಿದೆ. ಅರಿಶಿನ ಕುಂಕುಮ ಎಲ್ಲ ಕೊಟ್ಟು ನೋಡ್ಕೊಳ್ತಿದ್ದಾರೆ." ಆ ಕಡೆಯಿಂದ ಅತ್ತೆ ಏನೋ ಕೇಳಿದರು. ಅವನು ಒಮ್ಮೆ ನನ್ನ ಹೆಂಡತಿಯನ್ನೂ ಒಮ್ಮೆ ನನ್ನನ್ನೂ ನೋಡಿ, "ಅಕ್ಕನ್ನ ಇನ್ನೂ ವಿಚಾರಿಸಿಲ್ಲ. ರಾತ್ರಿ ಭಾವ ಮಲಗಿದ ಮೇಲೆ ಕೇಳ್ತೇನೆ" ಎಂದ.