ರೇಸ್ ಗಾಡಿಯ ಮುಂದಿನ ಗ್ಲಾಸು

ಗದ್ವಾಲಿನಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ರೇಸ್ ಕಾರಲ್ಲದ ವಾಹನವೇ ಇಲ್ಲ. ರಾಯಚೂರಿನ ಕೆಎ 36 ನಂಬರಿನ ಗಾಡಿ ಹಿಂದಿನಿಂದ ಹಾರನ್ ಹೊಡೆದು ಮುಂದೆ ಹೋದರೆ ಗದ್ವಾಲಿನ ಟಿಎಸ್ 33ರ ಮಾನ ಹೋದಂತೆ; ನಂದಿನ್ನೆ ದಾಟುವುದರೊಳಗೆ ಲೆಕ್ಕ ಚುಕ್ತಾ ಆಗಲೇಬೇಕು. ಈ ಪಂದ್ಯದಲ್ಲಿ ನಮ್ಮ ಮಾಮಾನ ಮಾರುತಿ 800 ಹಳೇ ಹುಲಿ. ಅದರ ನಂಬರು ಇನ್ನೂ ಎಪಿ 22. 2014ರಲ್ಲಿ ರಾಜ್ಯ ಬದಲಾಗಿ ತೆಲಂಗಾಣವಾಯಿತು, 2016ರಲ್ಲಿ ಮೆಹಬೂಬ್‌ನಗರ ಒಡೆದು ಗದ್ವಾಲೇ ಒಂದು ಜಿಲ್ಲೆಯಾಯಿತು. ಗಾಡಿ ಮಾತ್ರ ಅದೇ ಬೇವಿನ ಗಿಡದ ಕೆಳಗೆ ನಿಂತು ಎಲ್ಲವನ್ನೂ ನೋಡಿತು.

ನೋಡಲಿಕ್ಕೆ ಇದ್ದದ್ದು ಮುಂದಿನ ಒಂದೇ ಗ್ಲಾಸು. ಜಲ್ಲಿ ಟಿಪ್ಪರಿನ ಬೆನ್ನು ಹತ್ತಿದ ದಿನ ಅದಕ್ಕೂ ಕಲ್ಲು ಬಡಿಯಿತು. ಮೊದಲು ಜೋಳದ ಕಾಳಿನಷ್ಟು ಚುಕ್ಕಿ. ಅಷ್ಟಿದ್ದಾಗಲೇ ರೆಸಿನ್ ತುಂಬಿಸಿದ್ದರೆ ನಿಲ್ಲುತ್ತಿತ್ತು. ಆದರೆ ಮಾಮಾ, "ಅದೇನ್ ಮಾಡ್ತದ, ಇರ್ಲಿ ಬಿಡು" ಅಂದ. ನಮ್ಮ ಕಡೆಯ ಬಿಸಿಲು ಹಾಗೆ ಬಿಡುವಂಥದ್ದಲ್ಲ. ಚೈತ್ರ ಮುಗಿಯುವುದರೊಳಗೆ ಬಿರುಕು ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟಿತ್ತು.

ಆದರೂ ಗ್ಲಾಸು ಉದುರಲಿಲ್ಲ. ಅದರ ಪುಣ್ಯ ಫ್ರಾನ್ಸಿನ ಎದುವಾರ್ ಬೆನೆದಿಕ್ಟಸ್‌ಗೆ ಸೇರಬೇಕು. 1903ರಲ್ಲಿ ಅವನ ಕೈಯಿಂದ ಬಿದ್ದ ಗಾಜಿನ ಬುರುಡೆ ಸೀಳಿತೇ ಹೊರತು ಚೂರಾಗಲಿಲ್ಲವಂತೆ; ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಹಾಳೆ: ಇವತ್ತಿನ ಲ್ಯಾಮಿನೇಟೆಡ್ ಗ್ಲಾಸು ಅಂದರೆ ಇಷ್ಟೇ. ಮನೆಯಲ್ಲಿ ಮಾಮಾ ಮತ್ತು ಅವನ ತಮ್ಮನ ನಡುವೆ ಅತ್ತಿ ಮಾಡುವ ಕೆಲಸವೂ ಇದೇ.

ಹೊಸ ಗ್ಲಾಸು ಹಾಕಿಸುವುದೆಂದಾಗ ಮಾಮಾ ಪಟ್ಟು ಹಿಡಿದ. "ಹಾಕಿದ್ರ ರೇಸ್ ಕಾರಿಂದೇ ಹಾಕ್ಬೇಕು." 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ರೇಸ್ ನಡೆದಾಗ ನೋಡಿ ಬಂದವನು ಅವನು. ಗೆದ್ದವನು ಜಾನ್ ಎರಿಕ್ ವೆರ್ನ್ಯ. ಊರಿಗೆ ಬಂದು ಮಾಮಾ ಹೇಳಿದ್ದು ಮಾತ್ರ ಬೇರೆ: "ಕೋಟಿಗಟ್ಲೆ ರೊಕ್ಕ ಹಾಕ್ಯಾರ, ಮುಂದ ಗ್ಲಾಸೇ ಹಾಕಿಲ್ಲ ನೋಡಪಾ! ತಲಿ ಮ್ಯಾಲ ಒಂದು ಕಂಬಿ ಬಿಟ್ರ ಏನೂ ಇಲ್ಲ." ಆ ಕಂಬಿಯ ಹೆಸರು ಹೇಲೋ. ಫಾರ್ಮುಲಾ ಒನ್‌ನಲ್ಲಿ 2018ರಿಂದ ಕಡ್ಡಾಯ. ಗ್ಲಾಸು ಇರುವ ರೇಸ್ ಕಾರುಗಳೂ ಇವೆ; ಅಮೆರಿಕದ ನಾಸ್ಕಾರ್ ಗಾಡಿಗಳಿಗೆ ಪಾಲಿಕಾರ್ಬೊನೇಟ್ ಹಾಕುತ್ತಾರೆ. ತೂಕದಲ್ಲಿ ಗಾಜಿನ ಅರ್ಧದಷ್ಟು, ಸುಲಭಕ್ಕೆ ಒಡೆಯುವುದಿಲ್ಲ.

ಮಿಸ್ತ್ರಿ ಎಲ್ಲ ಕೇಳಿ, ಬೀಡಿ ಆರಿಸಿ, "ಸಾಬ್, ಅದಕ್ಕ ಗೀರು ಬೀಳ್ತದ" ಅಂದ. "ನಮ್ಮ ಧೂಳಿನಾಗ ವೈಪರ್ ಆಡಿಸಿದ್ರ ಒಂದ್ ವಾರಕ್ಕ ಮಸಕ್ ಆಗ್ತದ. ಅವ್ರಿಗೇನು, ಮ್ಯಾಲ ಪದರ ಹಚ್ಚಿರ್ತಾರ. ಹೊಲಸಾತಂದ್ರ ಒಂದ್ ಕಿತ್ತಿ ಒಗೀತಾರ, ಕೆಳಗ ಮತ್ತೊಂದು ಇರ್ತದ." ಮಾಮಾ ಲ್ಯಾಮಿನೇಟೆಡ್‌ಗೆ ಇಳಿದ. ಕೊನೆಯ ಆಸೆಯಾಗಿ ಕಪ್ಪು ಫಿಲ್ಮ್ ಕೇಳಿದ. ಫಿಲ್ಮ್ ಅಂಟಿಸಕೂಡದೆಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದ್ದನ್ನೂ, ಮುಂದಿನ ಗ್ಲಾಸಿನಲ್ಲಿ ಶೇ. 70ರಷ್ಟು ಬೆಳಕು ದಾಟಲೇಬೇಕೆಂಬ ನಿಯಮವನ್ನೂ ಮಿಸ್ತ್ರಿ ಕೋರ್ಟಿನ ಗತ್ತಿನಲ್ಲೇ ಒಪ್ಪಿಸಿದ.

ಗ್ಲಾಸು ಕೂಡಿಸುವುದನ್ನು ನೋಡಬೇಕು. ಈಗಿನ ಕಾರುಗಳಿಗೆ ಅಂಟು ಹಾಕಿ ಒಣಗಲು ಬಿಡುತ್ತಾರೆ. 800ಕ್ಕೆ ರಬ್ಬರ್ ಬೀಡಿಂಗು. ಗ್ಲಾಸಿನ ಸುತ್ತ ರಬ್ಬರು ತೊಡಿಸಿ, ಅದರ ಸಂದಿನಲ್ಲಿ ಗಟ್ಟಿ ಹುರಿ ಓಡಿಸಿ, ಸೋಪಿನ ನೀರು ಸವರಿದರು. ಮಿಸ್ತ್ರಿಯ ಕೈಕೆಳಗಿನ ಹುಡುಗ ಹೊರಗಿನಿಂದ ಎರಡೂ ಅಂಗೈ ಊರಿ ಒತ್ತಿದ. ಮಿಸ್ತ್ರಿ ಒಳಗೆ ಕೂತು ಹುರಿಯ ತುದಿ ಹಿಡಿದು ನಿಧಾನವಾಗಿ ಎಳೆಯುತ್ತ ಹೋದ; ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಪಚಕ್ ಪಚಕ್ ಎಂದು ಕಚ್ಚಿತು. ಮೂಲೆಗೆ ಬಂದಾಗ ಮೂವರೂ ಉಸಿರು ಬಿಗಿಹಿಡಿದಿದ್ದರು. ಮೂರನೆಯವನು ಮಾಮಾ, ಅವನಿಗೆ ಬೇರೆ ಕೆಲಸವಿರಲಿಲ್ಲ.

ಗಾಡಿ ಮನೆಗೆ ಬಂತು, ಮಾಮಾ ಓಡಿಸಲಾರ. "ಎಲ್ಲಾ ಕಾಣಸ್ತದಲೇ!" ಎಂದು ಗಾಬರಿಯಾದ. ಹಳೆಯ ಗ್ಲಾಸಿನ ಮೇಲೆ ಮಂತ್ರಾಲಯದ ರಾಯರು, ಆಲಂಪುರದ ಜೋಗುಳಾಂಬ, ಊರ ಜಮ್ಮುಲಮ್ಮ ಎಲ್ಲರೂ ಒತ್ತಿಕೊಂಡು ಕೂತಿದ್ದರು. ಅವರ ಕಾಲಸಂದಿನಲ್ಲಿ ಕಂಡಷ್ಟೇ ರಸ್ತೆ ಅವನಿಗೆ ರಸ್ತೆ. ರೇಸಿನವರು ಪದರ ಕಿತ್ತು ಕಿತ್ತು ದಾರಿ ಕಾಣಿಸಿಕೊಂಡರೆ, ನಾವು ಅಂಟಿಸಿ ಅಂಟಿಸಿ ಧೈರ್ಯ ತಂದುಕೊಳ್ಳುವವರು. ದಾರಿ ನಾವು ನೋಡುವುದೇನು, ದೇವರು ನೋಡಿದರೆ ಸಾಕಲ್ಲ!

ಅತ್ತಿ ಮತ್ತೆ ದೇವರ ಸ್ಟಿಕರು ಹಚ್ಚಲು ಬಂದಳು. ಗಾಬರಿ ಇದ್ದರೂ ಮಾಮಾ ಈ ಸಲ ಕಾನೂನು ಹಿಡಿದ. "ಏನೂ ಹಚ್ಚಂಗಿಲ್ಲ. 70 ಪರ್ಸೆಂಟ್ ಖಾಲಿ ಇರ್ಬೇಕಂತ."

ಅತ್ತಿ ಸ್ಟಿಕರಿನ ಪುಡಿಕೆ ಬಿಚ್ಚುತ್ತ ಅಂದಳು: "ಇರ್ಲಿ. ಉಳಿದ 30 ನಂದು."