ಎಲಿವೇಷನ್ ಅಂಕಲ್

ಅಪಾರ್ಟ್‌ಮೆಂಟ್ ಎಂದ ಮೇಲೆ ಪಾರಿವಾಳ ಇರುತ್ತದೆ, ಎಲಿವೇಷನ್ ಅಂಕಲ್ ಇರುತ್ತಾರೆ. ಪಾರಿವಾಳಕ್ಕಾದರೆ ಬಲೆ ಕಟ್ಟಿಸಬಹುದು.

ಚಿಕ್ಕಬಾಣಾವರದ ನಮ್ಮ ಕಟ್ಟಡಕ್ಕೆ 14 ವರ್ಷ. ತುಮಕೂರಿನ ಹಳಿಯೂ ಹಾಸನದ ಹಳಿಯೂ ಬೇರೆಯಾಗುವುದು ಈ ಊರಲ್ಲೇ ಆದ್ದರಿಂದ ಎರಡೂ ದಿಕ್ಕಿನ ಹಾರನ್ನು ನಮ್ಮ ನಿದ್ದೆಯ ಪಾಲಿಗೆ. ಸಂಜೆಯಾದರೆ ಕೆರೆ ಕಡೆಯಿಂದ ಸೊಳ್ಳೆ. ಬಿಲ್ಡರ್ ಕೊಟ್ಟ ಅಲ್ಯೂಮಿನಿಯಂ ಕಿಟಕಿಯ ಗಾಲಿ ಸವೆದು, ನೀರು ಹರಿಯುವ ತೂತಿಗೆ ಮಣ್ಣು ಮೆತ್ತಿ, ಮಳೆಯ ಇರಚಲು ನೇರ ಸೋಫಾಕ್ಕೇ ಬರುತ್ತಿತ್ತು. ಯುಪಿವಿಸಿ ಹಾಕಿಸೋಣವೆಂದು ಅಳತೆಯವನನ್ನು ಕರೆಸಿದೆ. ಅವನು ಟೇಪು ಬಿಚ್ಚುವ ಮೊದಲೇ ಕಾಲಿಂಗ್ ಬೆಲ್.

“ಯಾವ ಬಣ್ಣ?”

“ಬಿಳಿ, ಸಾರ್.”

ಅಂಕಲ್ ಕಣ್ಣು ಮುಚ್ಚಿದರು. “ಎಲಿವೇಷನ್ ಹೋಯ್ತು! ಕಟ್ಟಡದ ಮುಖವೇ ಕೆಟ್ಟಿತು!”

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅವರಿಗೆ ವಿಷ್ಣುಸಹಸ್ರನಾಮದಷ್ಟೇ ಬಾಯಿಪಾಠ. ಸ್ವತ್ತಿನ ಬೆಲೆ ತಗ್ಗಿಸುವಂಥ ಕೆಲಸಕ್ಕೆ ಉಳಿದೆಲ್ಲ ಮಾಲೀಕರೂ ಒಪ್ಪಬೇಕಂತೆ. ಲಿಫ್ಟಿನ ಬಲ್ಬಿನ ವಿಷಯಕ್ಕೂ ಒಮ್ಮತಕ್ಕೆ ಬಾರದ 48 ಮನೆಯವರು ನಾವು. ದಿನಾ ಬೆಳಿಗ್ಗೆ ಅಂಕಲ್ ರಸ್ತೆಯಾಚೆ ನಿಂತು, ಒಂದು ಕಣ್ಣು ಮುಚ್ಚಿ, ಕಿಟಕಿಗಳ ಹಾಜರಿ ತೆಗೆದುಕೊಳ್ಳುತ್ತಾರೆ. ಗ್ರಿಲ್ಲಿನಲ್ಲಿ ಪಂಚೆ ಒಣಗುತ್ತಿದ್ದರೆ ಆ ಮನೆಗೆ ಗೈರುಹಾಜರಿ.

ಇದೆಲ್ಲ ಎಲ್ಲಿಂದ ಬಂತೆಂದರೆ, ಅವರು ಹುಟ್ಟಿದ್ದು ಮಲ್ಲೇಶ್ವರದಲ್ಲಿ. 1898ರ ಪ್ಲೇಗಿಗೆ ಹೆದರಿ ಜನ ಪೇಟೆ ಬಿಟ್ಟಾಗ ತುಂಬಿಕೊಂಡ ಬಡಾವಣೆ. ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳ ಚೂಪು ಟೋಪಿ, ಅಂದರೆ ಮಂಕಿ ಟಾಪ್, ಇದ್ದ ಮನೆ. “ಬಿಸಿಲು ತಡೀತಿತ್ತು, ಗಾಳಿ ಬಿಡ್ತಿತ್ತು. ನಿಮ್ಮ ಯುಪಿವಿಸಿ ಮಾಡತ್ತಾ?” ಅಣ್ಣತಮ್ಮಂದಿರು ಪಾಲಾದಾಗ ಮನೆ ಬಿಲ್ಡರಿಗೆ ಹೋಯಿತು, ಟೋಪಿ ಗುಜರಿಗೆ. ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ಆ ಪಾಲಿನ ದುಡ್ಡೇ ಇಲ್ಲಿಯ ಫ್ಲ್ಯಾಟಾಗಿದ್ದು.

ಕೊನೆಗೆ ನಾನೇ ಸೋತೆ. ಬಿಳಿಗಿಂತ ದುಬಾರಿಯಾದ, ಹಳೆಯದರ ಕಾಫಿ ಬಣ್ಣದ್ದೇ ಹಾಕಿಸಿದೆ. ಹಳೆಯದನ್ನು ಕಿತ್ತ ದಿನ ಗುಜರಿಯವನು ತಕ್ಕಡಿ ಹಿಡಿದು ಬಂದರೆ, ಅಂಕಲ್ ಅವನ ಲೆಕ್ಕದ ದುಡ್ಡು ನನ್ನ ಕೈಗಿಟ್ಟು ಚೌಕಟ್ಟುಗಳನ್ನು ಕೆಳಗೆ ಸಾಗಿಸಿದರು. “ಬಿಲ್ಡರ್ ಕಾಲದ್ದು. ಇರ್ಲಿ.”

ಬೇಸ್‌ಮೆಂಟಿನ ಅವರ ಜಾಗದಲ್ಲಿ ಅವು ಹಳೇ ಜಮಖಾನೆ ಹೊದ್ದು ಗೋಡೆಗೊರಗಿವೆ. ಅವರ ಮಾರುತಿ ಈಗ ರಸ್ತೆಯಲ್ಲಿ ನಿಲ್ಲುತ್ತದೆ.